ಗೋಡೆಯ ಓರೆ ಕಿಂಡಿ

ನಮ್ಮ ಕಾಂಡೊ ಅಪಾರ್ಟ್‌ಮೆಂಟಿನಲ್ಲಿ ಯಾರದೋ ಹುಟ್ಟುಹಬ್ಬಕ್ಕೆ ಮೇಣದಬತ್ತಿ ಊದಿ ಆರಿಸಿದರೆ ಸಾಕು, ಆ ವಾಸನೆಗೆ ಈಗಲೂ ನನ್ನ ಮಣಿಕಟ್ಟು ನೋಯುತ್ತದೆ.

ನನ್ನ ಬಾಲ್ಯದಲ್ಲೊಮ್ಮೆ ಅಜ್ಜಿ ಉಡುಪಿಯಿಂದ ಸಿಂಗಪುರದ ನಮ್ಮ ಮನೆಗೆ ಬಂದಿದ್ದರು. ಆರ್ಕಿಟೆಕ್ಟ್ ಆಗಿದ್ದ ಅಪ್ಪ ಒಂದು ಮಧ್ಯಾಹ್ನ ನಮ್ಮನ್ನೆಲ್ಲ ಹಳೆಯ ಚರ್ಚೊಂದಕ್ಕೆ ಕರೆದೊಯ್ದರು. ಇಂಗ್ಲೆಂಡಿನ ಮಧ್ಯಯುಗದ ಹಳ್ಳಿ ಚರ್ಚುಗಳ ಮಾದರಿಯಲ್ಲಿ ಬ್ರಿಟಿಷರು ಕಟ್ಟಿದ್ದು. ಬಾಗಿಲಲ್ಲೇ ಅಜ್ಜಿ ಅಮ್ಮನನ್ನು ತಡೆದರು.

"ಮುಟ್ಟಾದಾಗ ಒಳಗೆ ಬರ್ಲಿಕ್ಕಿಲ್ಲ. ಯಾವ ದೇವರಾದ್ರೂ ದೇವರೇ."

ಅಪ್ಪ ಕಮಾನುಗಳನ್ನು ನೋಡುತ್ತಾ ಒಳಗೆ ನಡೆದುಬಿಟ್ಟರು. ಅಮ್ಮ ಬಿಸಿಲಲ್ಲಿ ಉಳಿದಳು. ಅವಳ ಬಳಿಗೆ ಓಡಲು ಹೊರಟ ನನ್ನ ಮಣಿಕಟ್ಟನ್ನು ಅಜ್ಜಿ ಬಿಗಿಯಾಗಿ ಹಿಡಿದರು.

ಒಳಗೆ ತಣ್ಣನೆಯ ಕಲ್ಲು, ಆರಿದ ಬತ್ತಿಗಳ ಹೊಗೆ. ದಪ್ಪ ಗೋಡೆಯಲ್ಲಿ ಓರೆಯಾಗಿ ಕೊರೆದಿದ್ದ ಕಿಂಡಿಯೊಂದನ್ನು ಅಪ್ಪ ತೋರಿಸಿದರು.

"ಇಂಗ್ಲೆಂಡಲ್ಲಿ ಆಗೆಲ್ಲ ಕುಷ್ಠ ಬಂದವರನ್ನ ಒಳಗೆ ಬಿಡ್ತಿರಲಿಲ್ಲ. ಹೊರಗೇ ನಿಂತು ಇಂಥ ಕಿಂಡೀಲಿ ಪೂಜೆ ನೋಡ್ತಿದ್ರಂತೆ."

ಅಜ್ಜಿಯ ಕಣ್ಣು ತುಂಬಿತು. "ಪಾಪ! ನಮ್ಮಲ್ಲೂ ಉಂಟಲ್ಲ ಕಿಂಡಿ. ಹೊರಗೆ ನಿಂತ ಭಕ್ತನಿಗೋಸ್ಕರ ಕೃಷ್ಣನೇ ತಿರುಗಿ ನಿಂತ." ಹಾಗೆಂದು ಪೂಜಾಪೀಠದ ಕಡೆ ಮುಖ ಮಾಡಿ ತಲೆಬಾಗಿದರು.

ಕಿಂಡಿಯ ಆಚೆ ಬೆವರಿದ ಮುಖವೊಂದು ಕಾಣಿಸಿತು.

"ಅಜ್ಜೀ, ಅಲ್ನೋಡಿ, ಅಮ್ಮ!"

ಅಜ್ಜಿ ತಿರುಗಲಿಲ್ಲ. ನನ್ನ ಕೈಯನ್ನೂ ಬಿಡಲಿಲ್ಲ.