ನಾನೂರ ಹನ್ನೆರಡನೆಯ ಸಹಿ

ಹಾಸ್ಟೆಲಿನ ಲೈಬ್ರರಿ ಮುಚ್ಚಿ, ಆ ಕೋಣೆಯಲ್ಲಿ ಅಕ್ಕಿ ಮೂಟೆ ಇಡಬೇಕೆಂದು ಜಿಲ್ಲಾ ಅಧಿಕಾರಿಯ ಆದೇಶ ಬಂತು. ಅದನ್ನು ತಡೆಯಲು ಹಾಸ್ಟೆಲಿನ ಹುಡುಗಿ ಹುಲಿಗೆಮ್ಮ ಆನ್‌ಲೈನಿನಲ್ಲಿ ಮನವಿ ಹಾಕಿದಳು. ಎಲ್ಲ ಗ್ರೂಪುಗಳಿಗೂ ಕಳಿಸಿ ಹತ್ತು ದಿನ ಕಾದಳು. ಬಿದ್ದದ್ದು ಅರವತ್ತೊಂದು ಸಹಿ.

“ಐನೂರಾದ್ರೂ ಆಗಬೇಕು. ಇಲ್ಲಾಂದ್ರ ಜಿಲ್ಲಾ ಆಫೀಸಿನ ಮೇಡಂ ಕಣ್ಣೆತ್ತಿನೂ ನೋಡಂಗಿಲ್ಲ,” ಎಂದಳು ಗೆಳತಿ.

ಹುಲಿಗೆಮ್ಮ ಲೈಬ್ರರಿಯ ಹಳೆಯ ರಿಜಿಸ್ಟರುಗಳನ್ನು ತೆಗೆದಳು. ಹಿಂದೆ ಇಲ್ಲಿದ್ದು, ಸಹಿ ಮಾಡಿ ಪುಸ್ತಕ ಒಯ್ದ ಹುಡುಗಿಯರ ಹೆಸರುಗಳನ್ನೆಲ್ಲ ಮನವಿಗೆ ಸೇರಿಸುತ್ತ ಹೋದಳು.

“ಸಿಕ್ಕಿಬಿದ್ರ ಏನ್ಮಾಡ್ತೀಯಲೇ?”

“ಇಷ್ಟು ಹೆಸರು ಯಾರು ಕುಂತು ಓದ್ತಾರ?”

ಅಧಿಕಾರಿ ಕುಳಿತು ಓದಿದರು. ಮರುವಾರ ಹುಲಿಗೆಮ್ಮನನ್ನು ಕಚೇರಿಗೆ ಕರೆಸಿದರು.

“ನಾನೂರ ಹನ್ನೆರಡನೇದ್ದು ನನ್ನ ಹೆಸರು. ಊರು, ಇನಿಷಿಯಲ್ಲು ಎಲ್ಲಾ ಬರೋಬ್ಬರಿ ಐತಿ. ಸುಳ್ಳು ಸಹಿ ಹಾಕಿದ್ರ ಹಾಸ್ಟೆಲಿಂದ ಹೊರಗ ಹಾಕ್ತೀವಿ, ಗೊತ್ತೈತಿಲ್ಲ? ಹೇಳು, ನಾ ಯಾವಾಗ ಸಹಿ ಮಾಡೇನಿ?”

ಹುಲಿಗೆಮ್ಮ ಚೀಲದಿಂದ ರಿಜಿಸ್ಟರ್ ತೆಗೆದು, ಗುರುತು ಹಾಕಿದ್ದ ಪುಟವನ್ನು ಮೇಜಿನ ಮೇಲೆ ಬಿಚ್ಚಿಟ್ಟಳು.

“ತೊಂಬತ್ತೆಂಟರಾಗ, ಮೇಡಂ. ಆ ಪುಸ್ತಕ ಇನ್ನೂ ವಾಪಸ್ ಬಂದಿಲ್ಲ.”