ಕೃಷ್ಣಪ್ರಸಾದನ ಹಾಜರಿ

ಸತ್ತವನ ದನಿಯನ್ನು ಅಶ್ವತ್ಥ್ ಹಿತ್ತಿಲ ಬಾವಿಕಟ್ಟೆಯ ಹತ್ತಿರ ನಿಂತು ಒಮ್ಮೆ ಹಾಕಿ ನೋಡಿದ. "ಅದು ಬಂದು ಸಾರ್... ಅದು ಬಂದು..." ನೆಗಡಿ ಹಿಡಿದ ಮೂಗು, ಮಾತಿಗೊಂದು ಕೆಮ್ಮು, ಥೇಟು ಕೃಷ್ಣಪ್ರಸಾದನೇ. ಪಕ್ಕದಲ್ಲಿದ್ದ ರಾಧಾ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಆ ಕಡೆ ತಿರುಗಿದಳು.

"ಸಾಕು ಅಶ್ವತ್ಥಣ್ಣ. ಅಪ್ಪಂಗೆ ಗೊತ್ತಾಗಲ್ಲ," ಎಂದಳು.

ರಾಧಾಳ ಅಪ್ಪ ರಾಜಗೋಪಾಲ್ ಮೇಷ್ಟ್ರು ಮೈಸೂರಿನಲ್ಲಿ ಚರಿತ್ರೆ ಪಾಠ ಹೇಳಿ, ನಿವೃತ್ತರಾಗಿ ಸೇಲಂಗೆ ಬಂದು ನೆಲೆಸಿದವರು. ಅವರ ಕೈಕೆಳಗೆ ಎಂ.ಎ. ಓದಿದ ಈ ಸೀಮೆಯವರೆಲ್ಲ ವರ್ಷಕ್ಕೊಂದು ಭಾನುವಾರ ಅವರ ಮನೆಯಲ್ಲಿ ಸೇರುವುದು ರೂಢಿ. ಮೇಷ್ಟ್ರು ಹಳೇ ಹಾಜರಿಯನ್ನು ಬಾಯಿಪಾಠದಿಂದಲೇ ಕೂಗುತ್ತಾರೆ. ಹೆಸರು ಬಂದವರು ಎದ್ದು "ಪ್ರೆಸೆಂಟ್ ಸಾರ್" ಅಂದು, ನೌಕರಿ, ವರ್ಗ, ಮದುವೆ, ಮಕ್ಕಳು ಅಂತ ಆ ವರ್ಷದ ವರದಿ ಒಪ್ಪಿಸಿ, ಕಾಲಿಗೆ ಬಿದ್ದು ಹರಸಿಸಿಕೊಂಡು ಹೋಗಿ ಕೂರಬೇಕು. ಕಣ್ಣು ಹೋದ ಮೇಲೆ ಮೇಷ್ಟ್ರು ಎಲ್ಲರನ್ನೂ ದನಿಯಿಂದಲೇ ಗುರುತು ಹಿಡಿಯುತ್ತಿದ್ದರು. ಒಂದು ಸಲ ಹೃದಯಾಘಾತವಾಗಿತ್ತು. ಇನ್ನೊಂದು ತಡೆಯಲಾರರು ಎಂದಿದ್ದರು ಡಾಕ್ಟರು. ಹಾಗಾಗಿ ಅವರ ಮೆಚ್ಚಿನ ಕೃಷ್ಣಪ್ರಸಾದ್ ಹೋದ ದಸರಾ ಹೊತ್ತಿಗೆ ತೊಪ್ಪೂರು ಘಾಟಿಯಲ್ಲಿ ಲಾರಿಗೆ ಸಿಕ್ಕಿ ತೀರಿಕೊಂಡ ಸುದ್ದಿಯನ್ನು ರಾಧಾ ಇವತ್ತಿನವರೆಗೂ ಅವರ ಕಿವಿಗೆ ಬೀಳಿಸಿರಲಿಲ್ಲ. ಓದುವಾಗ ಕೃಷ್ಣಪ್ರಸಾದ್ ಸಿನಿಮಾಕ್ಕೆ ಹೋದಾಗಲೆಲ್ಲ ಅವನ ಹಾಜರಿ ಕೂಗಿದವನು ಅಶ್ವತ್ಥನೇ. ಇದೊಂದು ಸಲ ಕೂಗಿಬಿಡು ಎಂದು ಎಲ್ಲರೂ ಅವನಿಗೇ ಗಂಟುಬಿದ್ದರು. ಕೃಷ್ಣಪ್ರಸಾದನ ಹೆಂಡತಿ ಭಾಮಾ ಕೂಡ ಅದೇ ತರಗತಿಯವಳು, ಮೇಷ್ಟ್ರೇ ಮುಂದೆ ನಿಂತು ಧಾರೆ ಎರೆದುಕೊಟ್ಟವಳು. ವರ್ಷ ಮುಗಿಯುವ ಮುಂಚೆ ಅವಳು ಹೊಸಿಲು ದಾಟಿ ಬರುವುದಿಲ್ಲವೆಂದು ಎಲ್ಲರೂ ತಾವೇ ತೀರ್ಮಾನಿಸಿಕೊಂಡಿದ್ದರು.

ಹಾಜರಿ ಶುರುವಾಯಿತು. ತನ್ನ ಸರದಿ ಬಂದಾಗ ಅಶ್ವತ್ಥ್ ಎದ್ದು, ಶಂಕಗಿರಿಯಲ್ಲಿ ಅದೇ ಲಾರಿ ಬುಕಿಂಗ್ ಆಫೀಸು, ಎಂ.ಎ. ಓದಿಯೂ ಎಮ್ಮೆ ಕಾಯಲಿಲ್ಲ, ಲಾರಿ ಕಾಯುತ್ತಿದ್ದೇನೆ, ಲೋಡು ಬಂದರೆ ದುಡ್ಡು, ಬರದಿದ್ದರೆ ಗೋಳು ಎಂದು ಒಪ್ಪಿಸಿದ. ಮೇಷ್ಟ್ರು ನಕ್ಕು ತಲೆ ಸವರಿದರು. ಬ್ಯಾಂಕಿನ ತಿಮ್ಮರಾಜು ಊಟಿಗೆ ವರ್ಗವಾದದ್ದನ್ನು ಹೇಳಿ ಕೂತ.

"ಕೃಷ್ಣಪ್ರಸಾದ್."

ಅಶ್ವತ್ಥ್ ಗೋಡೆಯ ಕಡೆ ಮುಖ ಮಾಡಿದ. "ಪ್ರೆಸೆಂಟ್ ಸಾರ್. ಅದು ಬಂದು ಸಾರ್... ಅದೇ ಪಾಪಿರೆಡ್ಡಿಪಟ್ಟಿ ತಾಲೂಕಾಫೀಸು, ಅದೇ ಸೀಟು. ಪ್ರಮೋಷನ್ ಓದ ವರ್ಷಾನೇ ಬರ್ಬೇಕಿತ್ತು, ಇನ್ನಾ ದಾರೀಲೇ ಐತೆ."

ಬಾಯಿ ತನ್ನ ಚಾಳಿಗೆ ತಾನು ಆಡಿಬಿಟ್ಟಿತ್ತು. ದಾರಿ ಎಂದ ತಕ್ಷಣ ತಿಮ್ಮರಾಜು ತಲೆ ತಗ್ಗಿಸಿದ. ಮೇಷ್ಟ್ರು ಮಾತ್ರ ಕುರ್ಚಿಯಲ್ಲಿ ಮುಂದಕ್ಕೆ ಬಾಗಿದರು. ಮುಖವೆಲ್ಲ ಅರಳಿತ್ತು.

"ದನಿ ಕೇಳಿ ಎಷ್ಟು ದಿನ ಆಯ್ತಯ್ಯಾ. ಒಂದು ಫೋನಾದರೂ ಮಾಡಬಾರದಾ? ಇರಲಿ, ಭಾಮಾ ಎಲ್ಲಿ, ಬರಲಿಲ್ವಾ?"

"ಬಂದಿದೀನಿ ಸಾರ್."

ಎಲ್ಲರೂ ತಿರುಗಿ ನೋಡಿದರು. ಭಾಮಾ ಬಾಗಿಲಲ್ಲಿ ನಿಂತಿದ್ದಳು. ಹಣೆ ಬರಿದು. ಒಂದು ಕಾಲಿನ ಚಪ್ಪಲಿ ಬಿಟ್ಟಿದ್ದಳು, ಇನ್ನೊಂದು ಕಾಲಲ್ಲೇ ಉಳಿದಿತ್ತು. ಎಷ್ಟು ಹೊತ್ತಿನಿಂದ ಹಾಗೆ ನಿಂತಿದ್ದಳೋ, ಆ ದನಿಯನ್ನು ಎಲ್ಲಿಂದ ಕೇಳಿಸಿಕೊಂಡಳೋ, ಅಶ್ವತ್ಥನಿಗೆ ಅವಳ ಮುಖ ನೋಡುವ ಧೈರ್ಯ ಬರಲಿಲ್ಲ.

"ಹಾಗಾದರೆ ಜೋಡಿಯಾಗಿ ಬನ್ನಿ," ಎಂದು ಮೇಷ್ಟ್ರು ಎರಡೂ ಕೈ ಚಾಚಿದರು. "ಇಬ್ಬರನ್ನೂ ಒಟ್ಟಿಗೆ ಹರಸ್ತೀನಿ."

ಮುತ್ತೈದೆಗೆ ಏನೆಂದು ಹರಸುತ್ತಾರೆಂಬುದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಈಗಲಾದರೂ ಹೇಳಿಬಿಡಬೇಕು ಎಂದು ಅಶ್ವತ್ಥ್ ಮೇಷ್ಟ್ರ ಮುಂದೆ ಬಂದು ಬಾಯಿ ತೆರೆದ. ಮೇಷ್ಟ್ರ ಕುರ್ಚಿಯ ಹಿಂದೆ ರಾಧಾ, ಬೇಡವೆಂದು ಕೈಮುಗಿದು ನಿಂತಿದ್ದಳು. ಅಷ್ಟರಲ್ಲಿ ಭಾಮಾ ಇನ್ನೊಂದು ಚಪ್ಪಲಿಯನ್ನೂ ಬಿಟ್ಟು ಒಳಗೆ ಬಂದು, ಅವನ ಪಕ್ಕದಲ್ಲಿ ಮಂಡಿಯೂರಿದಳು. ಅವನೂ ಬಗ್ಗಿದ. ಮೇಷ್ಟ್ರ ಒಂದೊಂದು ಕೈ ಒಂದೊಂದು ತಲೆಯ ಮೇಲೆ ಬಂದು ಕೂತಿತು.

"ನನ್ನ ವರದಿ ಆಗ್ಲಿಲ್ಲ ಸಾರ್," ಎಂದಳು ಭಾಮಾ. "ಅದು ಮುಗಿದ್ಮೇಲೆ ಹರಸಿ."

"ಅದೂ ಸರಿಯೇ. ಹೇಳಮ್ಮ."

"ಕೆಲಸ ಸಿಕ್ತು ಸಾರ್. ಓದ ತಿಂಗ್ಳು ಸೇರ್ಕೊಂಡೆ. ಪಾಪಿರೆಡ್ಡಿಪಟ್ಟಿ ತಾಲೂಕಾಫೀಸ್ನಲ್ಲೇ."

"ಭಲೇ. ಗಂಡ ಹೆಂಡ್ತಿ ಒಂದೇ ಆಫೀಸು. ಸರ್ವಿಸ್ ಕಮಿಷನ್ ಪರೀಕ್ಷೆ ಪಾಸು ಮಾಡಿದ್ಯಾ?"

"ಪರೀಕ್ಷೆ ಏನೂ ಇಲ್ಲ ಸಾರ್. ಆಫೀಸ್ನವ್ರೇ ಕರೆದು ಕೊಟ್ರು. ಇವರು ಕೂರ್ತಿದ್ದ ಸೀಟು."

ಪರೀಕ್ಷೆಯಿಲ್ಲದೆ ಗಂಡನ ಸೀಟು ಹೆಂಡತಿಗೆ ಯಾವಾಗ ಬರುತ್ತದೆಂದು ಜೀವಮಾನವೆಲ್ಲ ಸರ್ಕಾರಿ ಸಂಬಳ ತಿಂದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ರಾಧಾ ಕುರ್ಚಿ ಬಳಸಿ ಬಂದು ತಂದೆಯ ಎದೆಯ ಮೇಲೆ ಅಂಗೈ ಇಟ್ಟಳು. ಅದನ್ನು ಅವರು ಮೆಲ್ಲಗೆ ತೆಗೆದು ಪಕ್ಕಕ್ಕಿಟ್ಟರು.

ಅಶ್ವತ್ಥನ ತಲೆಯ ಮೇಲಿದ್ದ ಕೈ ಹಗುರಾಗುತ್ತಾ ಬಂದು, ಎದ್ದು, ತಡವರಿಸುತ್ತಾ ಗಾಳಿಯಲ್ಲಿ ದಾರಿ ಹುಡುಕಿಕೊಂಡು, ಭಾಮಾಳ ತಲೆಯ ಮೇಲಿದ್ದ ಇನ್ನೊಂದು ಕೈಯನ್ನು ಸೇರಿಕೊಂಡಿತು.

"ನೀನು ಏಳಪ್ಪ, ಅಶ್ವತ್ಥ್," ಎಂದರು ಮೇಷ್ಟ್ರು.