ಬೆರಳಿನ ಬಣ್ಣ

ಹಾಕಿದ ಮತಕ್ಕೆ ತಕ್ಕಂತೆ ಬೆರಳಿನ ಶಾಯಿ ಬಣ್ಣ ತಾಳುವ ಕಾಲವದು. ದೇಶದ ಚುನಾವಣೆಯಲ್ಲಿ ತನ್ನ ಪಕ್ಷ ನೆಲಕಚ್ಚಿದ ಮರುದಿನ, ದಾವಣಗೆರೆಯ ಅಂಗನವಾಡಿ ಕಾರ್ಯಕರ್ತೆ ಕೊಟ್ರಮ್ಮ ಕೆಂಪು ಬೆರಳಲ್ಲೇ ಮಕ್ಕಳಿಗೆ ಉಪ್ಪಿಟ್ಟು ಬಡಿಸುತ್ತಿದ್ದಳು. ಸಹಾಯಕಿ ಗಂಗವ್ವ ಕೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಬಂದಳು. ನೀರು ತುಂಬುವಾಗ ಸೆರಗು ಜಾರಿತು. ಬೆರಳು ಗೆದ್ದವರ ಹಳದಿ.

"ಪ್ರತಿ ಧರಣಿಯಾಗೂ ನನ್ನ ಪಕ್ಕ ಕೂತೋಳು ನೀನು!" ಕೊಟ್ರಮ್ಮ ಸೌಟು ಕೆಳಗಿಟ್ಟಳು.

"ಕೂತೀನಿ ಅಕ್ಕ. ಆದ್ರೆ ನೀವು ಧರಣಿಗೆ ಮಾತ್ರ ಕರೀತೀರಿ. ಆ ಪಕ್ಷದೋರು ನನ್ ಮಗಳ ಮದ್ವ್ಯಾಗ ನಿಂತು ಊಟ ಬಡಿಸಿದ್ರು."

ಫಲಿತಾಂಶ ಬಂದಾಗಿನಿಂದ ಕೊಟ್ರಮ್ಮ ಜನರನ್ನು ಬೈಯುತ್ತಲೇ ಇದ್ದಳು. ಈಗ ಗಂಗವ್ವನ ಕೈಯಿಂದ ಕೊಡ ಇಸಿದುಕೊಂಡು ತಾನೇ ನೀರು ತುಂಬಿದಳು.

"ಸೋಮವಾರದ ಧರಣಿಗೆ ನಾನು ಬರ್ಲೋ ಬ್ಯಾಡ್ವೋ?" ಗಂಗವ್ವ ಅಳುಕುತ್ತ ಕೇಳಿದಳು.

"ಬಾರವ್ವ," ಎಂದು ಕೊಟ್ರಮ್ಮ ಅವಳ ಕೈ ಹಿಡಿದಳು. ಆಮೇಲೆ ಮೆಲ್ಲಗೆ ಕೇಳಿದಳು: "ನಿನ್ನ ಮಗಳ ಹೆಸರೇನೇ?"